ಕನ್ನಡಕದಮ್ಮ ಆಟ ಹೊಂದಿಸಿದ್ದು

ಕನ್ನಡಕದಂಗಡಿಗೆ ಹೋದವರು ಕನ್ನಡಕ ಹಾಕಿಕೊಂಡು ಬರುವುದು ಲೋಕರೂಢಿ. ಈ ಅಂಗಡಿಗೆ ಹೋದವರು ಮಾತ್ರ ಕನ್ನಡಕದ ಜೊತೆಗೆ ಫೋನಿನಲ್ಲಿ ಒಂದು ಆಟವನ್ನೂ ಹಾಕಿಸಿಕೊಂಡು ಬರುತ್ತಾರೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಕೀಲಿ ಮಾಡುವವನ ಗೂಡಿಗೂ ನಡುವೆ ಸಿಕ್ಕಿಕೊಂಡಿರುವ ಇಕ್ಕಟ್ಟಿನ ಅಂಗಡಿ ಅದು. ಮುಂದುಗಡೆ ಗಾಜಿನ ಕಪಾಟು, ಅದರ ತುಂಬ ಫ್ರೇಮುಗಳು. ಹಿಂದೆ ಒಂದು ಪರದೆ. ಪರದೆಯಾಚೆ ಎತ್ತರದ ಕುರ್ಚಿ, ಎದುರುಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಸಣ್ಣದಾಗುತ್ತ ಹೋಗುವ ಅಕ್ಷರಗಳ ಬೋರ್ಡು. ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಕನ್ನಡಕದಮ್ಮ ಎಂದೇ ಕರೆಯುತ್ತಾರೆ. ಅವಳ ಮೂಗಿನ ಮೇಲೂ ದಪ್ಪ ಗಾಜಿನ ಕನ್ನಡಕ ಕೂತಿದೆ, ಹಾಗಾಗಿ ಆ ಹೆಸರಿಗೆ ಅವಳು ತಕರಾರು ತೆಗೆಯುವ ಹಾಗೂ ಇಲ್ಲ.

"ನಿಮಗೇನು ಬೇಕು" ಎಂದು ಅವಳು ಯಾರನ್ನೂ ಕೇಳುವುದಿಲ್ಲ. ತಮಗೇನು ಬೇಕು ಎಂದು ಜನಕ್ಕೆ ಗೊತ್ತಿದ್ದರೆ ಅರ್ಧ ಲೋಕದ ಜಗಳ ಎಂದೋ ಮುಗಿಯುತ್ತಿತ್ತು ಎನ್ನುವುದು ಅವಳ ಸಿದ್ಧಾಂತ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿಗೆ ಖಾಲಿ ಫ್ರೇಮು ಏರಿಸಿ, ಒಂದು ಗಾಜು ಹಾಕಿ, ಅದನ್ನು ತೆಗೆದು ಇನ್ನೊಂದು ಹಾಕಿ, "ಇದಾ, ಅದಾ?" ಎನ್ನುತ್ತಾಳೆ. ಆಟಕ್ಕೂ ಅದೇ ಕ್ರಮ. ಫೋನಿನಲ್ಲಿ ಎರಡು ಆಟ ಹಾಕಿಕೊಟ್ಟು, "ಆಡಿ ನೋಡಿ. ಯಾವುದನ್ನ ಕೆಳಗಿಡೋಕೆ ಮನಸ್ಸು ಬರಲಿಲ್ಲ ಅಂತ ಬಂದು ಹೇಳಿ" ಎನ್ನುತ್ತಾಳೆ. ಮೂರನೆಯದನ್ನು ತೋರಿಸುವುದಿಲ್ಲ. ಮೂರು ಕಂಡರೆ ಮನುಷ್ಯನ ತಲೆ ಕೆಡುತ್ತದೆ.

ಒಬ್ಬ ನಿವೃತ್ತ ಗುಮಾಸ್ತರು ಬುದ್ಧಿ ಚುರುಕಾಗಬೇಕು ಎಂದು ಚದುರಂಗವನ್ನೇ ಹಟ ಹಿಡಿದು ಹಾಕಿಸಿಕೊಂಡು ಹೋಗಿದ್ದರು. ಆಡುತ್ತ ಆಡುತ್ತ ಮುಖ ಸಣ್ಣದಾಗಿ ವಾಪಸ್ಸು ಬಂದರು. ಅವರಿಗೆ ಬೇಕಾಗಿದ್ದದ್ದು ಬುದ್ಧಿಯಲ್ಲ, ಅದು ಅವರಲ್ಲಿ ಬೇಕಾದಷ್ಟಿತ್ತು. ಬೇಕಾಗಿದ್ದದ್ದು ಮಾತಾಡಲು ಒಂದು ನೆಪ. ಊರು ಕಟ್ಟುವ ಒಂದು ಆಟವಿದೆ, ಅದರಲ್ಲಿ ನಿಮ್ಮ ಇಟ್ಟಿಗೆ ಕೊಟ್ಟು ಎದುರಿನವರ ಮರ ಪಡೆಯಬೇಕು, ಚೌಕಾಸಿ ಮಾಡದೆ ಒಂದು ಹೆಜ್ಜೆಯೂ ಮುಂದೆ ಹೋಗುವಂತಿಲ್ಲ. ಅದನ್ನು ಹಾಕಿಕೊಟ್ಟಳು. ಈಗ ಎಲ್ಲೋ ಕೂತ ನಾಲ್ಕು ಜನರ ಜೊತೆ ಗುಮಾಸ್ತರು ದಿನವೂ ಇಟ್ಟಿಗೆ ಮಾರುತ್ತಾರೆ, ಬಾಯಿ ಮುಚ್ಚುವುದೇ ಇಲ್ಲವೆಂದು ಅವರ ಹೆಂಡತಿ ದೂರು ಹೇಳಿಕೊಂಡು ಬಂದಿದ್ದರು.

ಇನ್ನು ಅವಳ ಗಂಡ. ಅಂಗಡಿಯ ಮೂಲೆಯಲ್ಲೇ ಸ್ಟೂಲು ಹಾಕಿಕೊಂಡು ಗಡಿಯಾರ ರಿಪೇರಿ ಮಾಡುತ್ತಾನೆ. ಇಡೀ ದಿನ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯ ಲೆಕ್ಕದಲ್ಲಿ ಕೆಲಸ ಮಾಡುವ ಈ ಮನುಷ್ಯನಿಗೆ ಲೆಕ್ಕಾಚಾರದ ಆಟ ಕಂಡರೆ ಆಗದು. ದಾಳ ಉರುಳಬೇಕು, ಬಿದ್ದದ್ದು ಬೀಳಬೇಕು, ಗೆದ್ದರೆ ತನ್ನ ಕೈಗುಣ, ಸೋತರೆ ದಾಳದ ದೋಷ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳು ಚುಚ್ಚಿದರೆ, "ಗಡಿಯಾರದ ಮುಂದೆ ದಿನಾ ಸರಿಯಾಗೇ ಇರ್ತೀನಲ್ಲ, ಆಟದಲ್ಲಾದ್ರೂ ತಪ್ಪು ನಂದಲ್ಲ ಅನ್ನೋ ಸುಖ ಬೇಡ್ವಾ?" ಎನ್ನುತ್ತಾನೆ.

ಒಂದೇ ಆಟ ಎಲ್ಲರಿಗೂ ಆಗುವುದಿಲ್ಲ, ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಆಗದ ಹಾಗೆ. ಹೇಳಲು ಸುಲಭದ ಮಾತು. ಅವಳು ಇದನ್ನು ಕಲಿತದ್ದು ಗಿರಾಕಿಗಳಿಂದಲ್ಲ, ತನ್ನ ಅಣ್ಣನಿಂದ. ಅದೂ ಅವನು ಅವಳ ಜೊತೆ ಮಾತು ಬಿಟ್ಟಿದ್ದ ಕಾಲದಲ್ಲಿ.

ಅಣ್ಣ ಎಂದರೆ ಅವಳಿಗೆ ಬರೀ ಒಡಹುಟ್ಟಿದವನಲ್ಲ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅವಳಿಗೆ ದಡ್ಡಿ ಎಂದೇ ಹೆಸರು. ಕರಿಹಲಗೆಯಲ್ಲಿ ಬರೆದದ್ದನ್ನು ಓದು ಎಂದರೆ ಪಕ್ಕದವಳ ಪುಸ್ತಕಕ್ಕೆ ಕತ್ತು ಚಾಚುತ್ತಿದ್ದಳು. ಇವಳ ತಲೆಗೆ ಏನೂ ಹತ್ತುವುದಿಲ್ಲ ಎಂದು ಅಮ್ಮ ಕೈಚೆಲ್ಲಿದ್ದಳು, ಅಪ್ಪ ಶಾಲೆ ಬಿಡಿಸುವ ಮಾತಾಡುತ್ತಿದ್ದ. ಅಣ್ಣ ಆಗ ತಾನೇ ಬಸ್ ಡಿಪೋದಲ್ಲಿ ಗಾಡಿ ತೊಳೆಯುವ ಕೆಲಸಕ್ಕೆ ಸೇರಿದ್ದ. ಒಂದು ಸಂಜೆ ತಂಗಿಯ ಕೈ ಹಿಡಿದು ಬಸ್ಸಿಗೆ ಕಾಯುತ್ತಿದ್ದವನು, ಬಸ್ಸು ಮೂಗಿನ ಮುಂದೆ ಬಂದು ನಿಂತ ಮೇಲಷ್ಟೇ ಇವಳು ಅದರ ನಂಬರು ಹೇಳುವುದನ್ನು ಗಮನಿಸಿದ. ಅನುಮಾನ ಬಂದು ಎರಡು ಬಸ್ಸು ಬಿಟ್ಟು ಪರೀಕ್ಷೆ ಮಾಡಿದ. ಮನೆಗೆ ಬಂದು, "ಇವಳು ದಡ್ಡಿ ಅಲ್ಲ. ಇವಳಿಗೆ ಕಾಣಲ್ಲ" ಎಂದ. ಹೆತ್ತವರಿಗೆ ಹೊಳೆಯದ ಮಾತು ಅದು. ಮಾರನೆಯ ದಿನ ರಜೆ ಹಾಕಿ ತಾನೇ ಕಣ್ಣು ಪರೀಕ್ಷೆಗೆ ಕರೆದುಕೊಂಡು ಹೋದ. ಕನ್ನಡಕ ಬಂದ ದಿನ ಅವಳು ಮೊದಲು ಕಂಡದ್ದು, ನಿಲ್ದಾಣದ ದೊಡ್ಡ ಗಡಿಯಾರದಲ್ಲಿ ಮೂರನೆಯದೊಂದು ಮುಳ್ಳೂ ಇದೆ, ಅದು ಸುಮ್ಮನೆ ಕೂರದೆ ಓಡುತ್ತಿರುತ್ತದೆ ಎನ್ನುವುದನ್ನು. ಮುಂದೆ ಗಡಿಯಾರದವನನ್ನೇ ಮದುವೆಯಾದದ್ದಕ್ಕೂ ಅದೇ ಕಾರಣ ಎಂದು ಗಂಡ ಕಿಚಾಯಿಸುತ್ತಾನೆ. ಈ ಕಣ್ಣು ಅಮ್ಮ ಕೊಟ್ಟದ್ದು, ತೆರೆಸಿದವನು ಅಣ್ಣ ಎಂದು ಅವಳು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾಳೆ. ಕನ್ನಡಕದ ಕೆಲಸವನ್ನು ಕಲಿತದ್ದೂ ಆ ಋಣದಿಂದಲೇ.

ಅಣ್ಣ ಗಾಡಿ ತೊಳೆಯುತ್ತಲೇ ಗಾಡಿ ಕಲಿತ, ಡ್ರೈವರಾದ. ತಲೆ ನರೆಯುವ ತನಕ ಒಂದೇ ಮಾರ್ಗದ ಬಸ್ಸು ಓಡಿಸಿದ. ಅವನ ಜೊತೆಗೆ ಒಬ್ಬನೇ ಕಂಡಕ್ಟರು. ಕಂಡಕ್ಟರು ಅವನನ್ನು ಸಾರಥಿ ಎಂದು ಕರೆಯುತ್ತಿದ್ದ. ಮೊದಮೊದಲು ಅದು ತಮಾಷೆ, ಆಮೇಲೆ ಅದೇ ಹೆಸರಾಯಿತು. ಓಡಿ ಬರುವವರನ್ನು ಬಿಟ್ಟು ಹೋದ ಡ್ರೈವರಲ್ಲ ಅವನು. ಅದಕ್ಕೇ ಅವನ ಬಸ್ಸು ಯಾವತ್ತೂ ಸಮಯಕ್ಕೆ ಸರಿಯಾಗಿ ಹೋದದ್ದಿಲ್ಲ, ಮೇಲಿನವರ ಬೈಗುಳ ತಪ್ಪಿದ್ದೂ ಇಲ್ಲ.

ಒಂದು ದಿನ ಅವನು ಓದುವ ಕನ್ನಡಕ ಮಾಡಿಸಲು ತಂಗಿಯ ಅಂಗಡಿಗೆ ಬಂದ. ಕುರ್ಚಿಯಲ್ಲಿ ಕೂತು ಬೋರ್ಡಿನ ಕಟ್ಟಕಡೆಯ ಸಾಲನ್ನು ಗಡಗಡನೆ ಓದಿ, "ನೋಡ್ದಾ? ಹುಡುಗರ ಕಣ್ಣು ನಂದು" ಎಂದ. ಅವಳು ನಕ್ಕು, ಎಲ್ಲರಿಗೂ ಮಾಡುವ ಹಾಗೆ ಇನ್ನೊಂದು ಪರೀಕ್ಷೆ ಮಾಡಿದಳು. ಎದುರು ಕೂತು ತನ್ನ ಮೂಗನ್ನೇ ನೋಡು ಎಂದು ಹೇಳಿ, ಎರಡೂ ಕೈ ಅಗಲಿಸಿ, ಪಕ್ಕದಲ್ಲಿ ಬೆರಳು ಆಡಿಸಿದಳು. ಬೆರಳು ಕಂಡ ಕೂಡಲೇ ಹೇಳಬೇಕು.

ಅಣ್ಣ ಸುಮ್ಮನೆ ಕೂತಿದ್ದ. ಅವಳು ಕೈಯನ್ನು ಸ್ವಲ್ಪ ಒಳಗೆ ತಂದಳು. ಇನ್ನೂ ಸ್ವಲ್ಪ ತಂದಳು.

"ಬೇಗ ಆಡ್ಸು ಮತ್ತೆ, ನನಗೆ ಡ್ಯೂಟಿ ಇದೆ" ಎಂದ ಅಣ್ಣ.

"ಆಡಿಸ್ತಾನೇ ಇದೀನಿ ಅಣ್ಣಾ" ಎಂದಳು.

ನೇರಕ್ಕೆ ನೋಡಿದರೆ ಇರುವೆಯ ಕಾಲು ಎಣಿಸುವ ಕಣ್ಣು. ಪಕ್ಕದಲ್ಲಿ ಮಾತ್ರ ಗೋಡೆ ಎದ್ದಿತ್ತು. ಕಣ್ಣಿನೊಳಗಿನ ಒತ್ತಡ ಏರಿ, ನೋಟ ಅಂಚಿನಿಂದ ಸದ್ದಿಲ್ಲದೆ ಮುಚ್ಚಿಕೊಂಡು ಬಂದಿತ್ತು. ಎಡಗಡೆಯಂತೂ ಹೆಚ್ಚು. ನೋವಿಲ್ಲ, ಮಂಜಿಲ್ಲ, ಹಾಗಾಗಿ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಅವತ್ತೇ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಹೋದದ್ದು ಬರುವುದಿಲ್ಲ, ಹನಿ ಹಾಕಿಕೊಂಡರೆ ಉಳಿದದ್ದು ಉಳಿಯುತ್ತದೆ ಎಂದರು ಅವರು. ಬಸ್ಸು ಓಡಿಸುವ ಮಾತನ್ನು ಅವರು ಎತ್ತುವ ಮೊದಲೇ ಅಣ್ಣ ಎದ್ದು ಹೊರಗೆ ಬಂದಿದ್ದ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನು ತಂಗಿಯನ್ನು ಕೇಳಿಕೊಂಡ. ಜೀವಮಾನದಲ್ಲಿ ಅವಳ ಬಳಿ ಏನನ್ನೂ ಕೇಳಿದವನಲ್ಲ. "ನಿವೃತ್ತಿಗೆ ಇನ್ನು ಸ್ವಲ್ಪ ದಿನ ಇದೆ. ಹುಷಾರಾಗಿ ಓಡಿಸ್ತೀನಿ. ನೀನು ಬಾಯಿ ಬಿಡ್ಬೇಡ."

"ಆಗಲ್ಲ ಅಣ್ಣಾ. ನಾಳೆ ನೀನು ಡಿಪೋದಲ್ಲಿ ಹೇಳು. ನೀನು ಹೇಳದೆ ಇದ್ರೆ ನಾನು ಹೋಗಿ ಹೇಳ್ತೀನಿ."

ಅವಳು ಕಡ್ಡಿ ಮುರಿದ ಹಾಗೆ ಹೇಳಿದಳು. ಹೇಳುವಾಗ ಎದೆ ಒಡೆದು ಹೋಗಿತ್ತು, ಅದು ಅವನಿಗೆ ಕಾಣಲಿಲ್ಲ. ಅಣ್ಣ ಮಾರನೆಯ ದಿನ ತಾನೇ ಹೋಗಿ ಹೇಳಿದ, ಬಸ್ಸಿನ ಕೀಲಿ ಒಪ್ಪಿಸಿ ಮನೆಗೆ ಬಂದ. ಅಂದಿನಿಂದ ತಂಗಿಯ ಜೊತೆ ಒಂದು ಮಾತಿಲ್ಲ.

ಮಾತಿಲ್ಲ ಎಂದರೆ ಪೂರ್ತಿ ಇಲ್ಲ ಎಂದಲ್ಲ. ಅವಳು ಹೋದರೆ ಅವನು ಒಳಕೋಣೆ ಸೇರುತ್ತಿದ್ದ. ಅಲ್ಲಿಂದಲೇ ಹೆಂಡತಿಗೆ, "ನಿನ್ನ ನಾದಿನಿ ಕಾಫಿ ಕುಡೀತಾಳೋ ಕೇಳು" ಎನ್ನುತ್ತಿದ್ದ. ಇವಳು ಹೊರಗಿಂದ, "ಕಾಫಿ ಬೇಡ, ಹನಿ ಹಾಕ್ಕೊಂಡ್ನಾ ಕೇಳಿ ಅತ್ತಿಗೆ" ಎನ್ನುತ್ತಿದ್ದಳು. ಇಬ್ಬರ ನಡುವೆ ಅತ್ತಿಗೆ ಅಂಚೆಯವರ ಹಾಗೆ ಓಡಾಡಿ, "ನಿಮ್ಮಿಬ್ಬರ ಮಾತು ಸಾಗಿಸಿ ನನ್ನ ಮಂಡಿ ಸವೀತು" ಎಂದು ಗೊಣಗುತ್ತಿದ್ದರು. ನಗು ಬರುತ್ತಿತ್ತು ನಿಜ. ಆದರೆ ಬೀದಿಗೆ ಇಳಿದ ಮೇಲೆ ಅವಳ ಕಣ್ಣು ತುಂಬುತ್ತಿತ್ತು. ತನ್ನ ಕಣ್ಣು ತೆರೆಸಿದವನ ಕೆಲಸವನ್ನು ತಾನೇ ಕಿತ್ತುಕೊಂಡೆನಲ್ಲ ಎಂದು. ಮಾಡಿದ್ದು ಸರಿ ಎಂದು ಗೊತ್ತಿತ್ತು. ಸರಿ ಎಂದು ಗೊತ್ತಿದ್ದರೆ ನೋವು ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರೋ.

ಒಂದು ದಿನ ಅತ್ತಿಗೆ ಅಂಗಡಿಗೇ ಬಂದರು. ಮೊದಮೊದಲು ಕಂಡಕ್ಟರು ಸಂಜೆ ಬಂದು ಚದುರಂಗ ಆಡುತ್ತಿದ್ದನಂತೆ. ಹಲಗೆಯ ಅಂಚಿನಲ್ಲಿದ್ದ ಕಾಯಿ ಅಣ್ಣನಿಗೆ ಕಾಣದು, ಕೈ ತಗುಲಿ ಉರುಳುವುದು. ಕಂಡಕ್ಟರು ಏನೂ ಆಗಿಲ್ಲವೆಂಬ ಹಾಗೆ ಎತ್ತಿಡುವನು. ಆ ಮರ್ಯಾದೆಯೇ ಅಣ್ಣನಿಗೆ ಸಹಿಸಲಾಗಲಿಲ್ಲ. ಒಂದು ದಿನ ಹಲಗೆಯನ್ನು ಅಟ್ಟಕ್ಕೆ ಎಸೆದ. ಕಂಡಕ್ಟರೂ ಬರುವುದು ಬಿಟ್ಟ. "ಈಗ ಬೆಳಗಿಂದ ಸಂಜೆ ತನಕ ಗೋಡೆ ನೋಡ್ಕೊಂಡು ಕೂತಿರ್ತಾರೆ. ಗೋಡೆಗಾದ್ರೂ ಬೇಜಾರಾಗಲ್ವಾ?" ಎಂದರು ಅತ್ತಿಗೆ.

ಕನ್ನಡಕದಮ್ಮನಿಗೆ ದಾರಿ ಸಿಕ್ಕ ಹಾಗಾಯಿತು. ಹಲಗೆಯ ಆಟವೆಲ್ಲ ಈಗ ಫೋನಿನ ತೆರೆಯ ಮೇಲಿದೆ. ತೆರೆಯ ಮೇಲಿನ ಕಾಯಿ ಕೈ ತಗುಲಿದರೆ ಉರುಳುವುದಿಲ್ಲ, ಯಾರೂ ಬಗ್ಗಿ ಎತ್ತಿಕೊಡಬೇಕಾಗಿಲ್ಲ. ಅವತ್ತೇ ಅಂಗಡಿಯಲ್ಲಿದ್ದ ದೊಡ್ಡ ಟ್ಯಾಬ್ಲೆಟ್ಟಿಗೆ, ಸಾಲದು ಎಂಬಂತೆ ಅಕ್ಷರ, ಕಾಯಿ ಎಲ್ಲವನ್ನೂ ಹಿಗ್ಗಿಸಿ, ಒಂದು ಆಟ ಹಾಕಿ ಅತ್ತಿಗೆಯ ಚೀಲದಲ್ಲಿ ಇಟ್ಟಳು. ಯಾವ ಆಟ? ತನಗೆ ಇಷ್ಟವಾದ ಆಟ. ನಕ್ಷೆಯ ಮೇಲೆ ಎದುರಾಳಿಯ ಜಾಗವನ್ನೆಲ್ಲ ಒಂದೊಂದಾಗಿ ಕಬಳಿಸುವುದು. ನೋಡಲು ಸಾಧು ಹೆಂಗಸು, ಆಟಕ್ಕೆ ಕೂತರೆ ಗಂಡನ ಕೊನೆಯ ಅಂಗೈಯಗಲ ಭೂಮಿಯನ್ನೂ ಬಿಡುವವಳಲ್ಲ. ಅಣ್ಣನೂ ಹಟವಾದಿ, ಅವನಿಗೂ ಗೆಲ್ಲುವ ಚಪಲ ಇದ್ದೇ ಇರುತ್ತದೆ ಎಂದು ಅವಳ ಲೆಕ್ಕ.

ಟ್ಯಾಬ್ಲೆಟ್ಟು ಎರಡೇ ದಿನದಲ್ಲಿ ವಾಪಸ್ಸು ಬಂತು. ಅಣ್ಣ ಒಂದು ಸಲ ಆಡಿ, ಸೋತು, "ಇದು ಕಣ್ಣಿದ್ದೋರ ಆಟ" ಎಂದು ಮಗುಚಿ ಇಟ್ಟನಂತೆ. ನಡುವೆ ಅತ್ತಿಗೆ ಅದರಲ್ಲೇ ಇದ್ದ ಬಣ್ಣದ ಬಿಲ್ಲೆ ಜೋಡಿಸಿ ಅಂಗಳ ತುಂಬಿಸುವ ಇನ್ನೊಂದು ಆಟಕ್ಕೆ ಅಂಟಿಕೊಂಡಿದ್ದರು. ಯಾರನ್ನೂ ಸೋಲಿಸುವ ಹಾಗಿಲ್ಲ, ಎಲ್ಲ ತನ್ನ ತನ್ನ ಜಾಗಕ್ಕೆ ಬಂದು ಕೂತರೆ ಸಾಕು. "ಮನೇಲಿ ಯಾರೂ ಇಟ್ಟ ಸಾಮಾನು ಇಟ್ಟ ಜಾಗದಲ್ಲಿ ಇರಲ್ಲ. ಇದರಲ್ಲಾದ್ರೂ ಇರುತ್ತೆ" ಎಂದು ಟ್ಯಾಬ್ಲೆಟ್ಟು ಹಿಂದಿರುಗಿಸಲು ಅವರಿಗೆ ಮನಸ್ಸೇ ಇರಲಿಲ್ಲ. ಸರಿ, ಅದನ್ನು ಅತ್ತಿಗೆಗೇ ಬಿಟ್ಟಳು.

ಹೊರಡುವಾಗ ಅತ್ತಿಗೆ ಒಂದು ಮಾತು ಹೇಳಿದರು. "ಅಷ್ಟು ದೊಡ್ಡದು ಕೊಟ್ಟರೂ ಕಾಣಲ್ಲ ಅಂತಾರೆ. ಆದ್ರೆ ನನ್ನ ಪುಟ್ಟ ಫೋನನ್ನ ಮಂಚದ ಆಚೆ ಕಡೆ ಒರಗಿಸಿಟ್ಟು ಇಡೀ ವಾರ್ತೆ ನೋಡ್ತಾರೆ. ಇದೆಂಥ ಕಣ್ಣೋ."

ಕನ್ನಡಕದಮ್ಮ ಹಣೆ ಚಚ್ಚಿಕೊಂಡಳು. ಕಣ್ಣು ಕಾಣದವರಿಗೆ ದೊಡ್ಡದು ಮಾಡಿ ತೋರಿಸುವುದು ಅವಳ ಕೈಗೆ ಅಂಟಿದ ಅಭ್ಯಾಸ. ಬಂದವರೆಲ್ಲ ದೊಡ್ಡದು ಬೇಕು ಎನ್ನುವವರೇ. ಅಣ್ಣನದು ಆ ಜಾತಿಯ ಕಣ್ಣಲ್ಲ. ಅವನು ಲೋಕವನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದಾನೆ. ಸಂದಿಯಲ್ಲಿ ಹಿಡಿಸಬೇಕಾದರೆ ವಸ್ತು ಸಣ್ಣದಿರಬೇಕು, ದೂರವಿರಬೇಕು. ಅವಳು ಹಿಗ್ಗಿಸಿದಷ್ಟೂ ಹಲಗೆ ಅವನ ನೋಟದಿಂದ ಹೊರಗೆ ಚೆಲ್ಲುತ್ತಿತ್ತು. ಬೇರೆ ಗಿರಾಕಿಯಾಗಿದ್ದರೆ ಇದು ಅವಳಿಗೆ ಕಣ್ಣು ಮುಚ್ಚಿಕೊಂಡೂ ಗೊತ್ತಾಗುತ್ತಿತ್ತು. ಅಣ್ಣ ಎಂದ ಕೂಡಲೇ ಕಲಿತ ವಿದ್ಯೆ ಕೈಕೊಟ್ಟಿತ್ತು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನಲ್ಲ.

ಈ ಸಲ ಅಂಗೈಗೆ ಹಿಡಿಸುವ ಸಣ್ಣ ಫೋನು. ಒರಗಿಸಿಡಲು ಗಂಡ ತಂತಿ ಬಗ್ಗಿಸಿ ಒಂದು ಕಾಲು ಮಾಡಿಕೊಟ್ಟ. ತೋಳು ಚಾಚಿದಷ್ಟು ದೂರ ಇಟ್ಟರೆ ಇಡೀ ಹಲಗೆ ಅಣ್ಣನ ನೋಟದಲ್ಲಿ ಬಂದು ಕೂರುತ್ತದೆ. ಆಟವನ್ನೂ ಈ ಸಲ ತನ್ನ ಇಷ್ಟಕ್ಕೆ ಆರಿಸಲಿಲ್ಲ. ಡ್ರೈವರ್ ಅಲ್ಲವೇ ಎಂದು ಒಂದು ಓಟದ ಆಟ ಹಾಕಿದಳು. ದಾಳ ಹಾಕಿ, ದಾರಿ ಆರಿಸಿ, ಯಾರು ಮೊದಲು ಊರು ಮುಟ್ಟುತ್ತಾರೋ ಅವರು ಗೆದ್ದ ಹಾಗೆ. ಕಂಡಕ್ಟರಿಗೂ ಹೇಳಿಕಳಿಸಿದಳು, ಅವನು ತನ್ನ ಮನೆಯಲ್ಲಿ ಕೂತೇ ಆಡಬಹುದು, ಆಡುತ್ತ ಮಾತಾಡಬಹುದು. ಅವನಿಗೆ ಅಷ್ಟೇ ಸಾಕು. ಆಟ ಯಾವುದಾದರೇನು, ಅವನಿಗೆ ಬೇಕಾದದ್ದು ಸಾರಥಿಯ ಕಿವಿ.

ಅಣ್ಣ ಆಡಿದ. ಈ ಸಲ ಎಲ್ಲ ಕಂಡಿತು. ಗೆದ್ದ. ಮರುದಿನವೂ ಗೆದ್ದ. ಮೂರನೆಯ ದಿನ ಫೋನು ಮುಟ್ಟಲಿಲ್ಲ. ಯಾಕೆ ಎಂದು ಅತ್ತಿಗೆ ಕೇಳಿದ್ದಕ್ಕೆ, "ನಾನೊಬ್ಬ ಮೊದಲು ಮುಟ್ಟಿ ಏನ್ ಮಾಡ್ಲಿ? ಖಾಲಿ ಗಾಡಿ ಓಡಿಸಿದ ಹಾಗಾಗುತ್ತೆ" ಎಂದನಂತೆ.

ಅತ್ತಿಗೆ ಇದನ್ನು ಹೇಳಿದಾಗ ಕನ್ನಡಕದಮ್ಮ ಒರೆಸುತ್ತಿದ್ದ ಗಾಜನ್ನು ಕೆಳಗಿಟ್ಟಳು. ಅಣ್ಣ ಎಷ್ಟು ವರ್ಷ ಬಸ್ಸು ಓಡಿಸಿದ, ತಾನು ಎಷ್ಟು ಸಲ ಆ ಬಸ್ಸಿನಲ್ಲಿ ಕೂತಿದ್ದೆ, ಆದರೂ ಅವನಿಗೆ ಯಾವುದರಲ್ಲಿ ಸುಖ ಎಂದು ತಿಳಿಯಲಿಲ್ಲವಲ್ಲ ಎನಿಸಿತು. ಓಡಿಸುವುದು ಅಲ್ಲ, ಮುಂದೆ ಹೋಗುವುದೂ ಅಲ್ಲ. ಹತ್ತಿದವರನ್ನೆಲ್ಲ ಮನೆ ಮುಟ್ಟಿಸುವುದು. ಗೆಲ್ಲುವ ಚಪಲ ಅವಳದು; ಅದನ್ನೇ ಅಣ್ಣನ ಮೂಗಿಗೂ ಏರಿಸಲು ಹೋಗಿದ್ದಳು.

ಅಂಥ ಆಟ ಇದೆಯೇ ಎಂದು ಹುಡುಕಿದಳು. ಗಿರಾಕಿಗಳನ್ನು ಕೇಳಿದಳು, ಎಷ್ಟೋ ಆಟಗಳನ್ನು ಹಾಕಿ, ಆಡಿ, ತೆಗೆದಳು. ಕೊನೆಗೆ ಒಂದು ಸಿಕ್ಕಿತು. ಒಂದು ಗುಡ್ಡ, ಗುಡ್ಡದ ಮೇಲೆ ಚದುರಿದ ಮನೆಗಳು. ಹಿಮ ಬೀಳುತ್ತ ಬೀಳುತ್ತ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ. ಆಡುವವರು ನಾಲ್ಕು ಜನ, ನಾಲ್ಕು ಬಣ್ಣದ ಗೊಂಬೆ. ಅವರು ಒಬ್ಬರ ವಿರುದ್ಧ ಒಬ್ಬರು ಆಡುವುದಿಲ್ಲ. ನಾಲ್ವರೂ ಸೇರಿ ಹಿಮದ ವಿರುದ್ಧ ಆಡಬೇಕು. ಮನೆಗಳಲ್ಲಿರುವವರನ್ನೆಲ್ಲ ಕೆಳಗಿನ ಛತ್ರಕ್ಕೆ ತಲುಪಿಸಿದರೆ ಎಲ್ಲರೂ ಗೆದ್ದ ಹಾಗೆ. ಒಬ್ಬರು ಮೇಲೆ ಉಳಿದರೂ ಎಲ್ಲರೂ ಸೋತ ಹಾಗೆ.

ಅಣ್ಣ, ಅತ್ತಿಗೆ, ಕಂಡಕ್ಟರು ಸೇರಿ ಮೂರು. ನಾಲ್ಕನೆಯವರು ಯಾರು ಎಂಬ ಪ್ರಶ್ನೆ ಬಂತು. "ನಿಮ್ಮ ತಂಗಿ" ಎಂದರು ಅತ್ತಿಗೆ. ಅಣ್ಣ ಫೋನನ್ನು ತಂತಿಯ ಕಾಲಿಗೆ ಸರಿಯಾಗಿ ಒರಗಿಸಿದ. ಆಮೇಲೆ, "ಆಡ್ಲಿ, ಜನ ಬೇಕಲ್ಲ" ಎಂದ. ಅಷ್ಟಕ್ಕೇ ಅವಳಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಸಂಜೆ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದ ಹೊತ್ತಿಗೆ ಆಟ. ಅಣ್ಣನ ಧ್ವನಿಯನ್ನು ಅವಳು ಫೋನಿನಲ್ಲಿ ಎಷ್ಟೋ ಕಾಲದ ಮೇಲೆ ಕೇಳಿದಳು. ಆದರೆ ಅವನು ಅವಳ ಜೊತೆ ಮಾತಾಡುತ್ತಿರಲಿಲ್ಲ. ಅವಳದು ಹಸಿರು ಗೊಂಬೆ. "ಆ ಹಸಿರು ಗೊಂಬೆ ಯಾಕೆ ಒಂದೇ ಕೆಳಕ್ಕೆ ಓಡ್ತಾ ಇದೆ, ಕೇಳು" ಎಂದು ಅತ್ತಿಗೆಗೆ ಹೇಳುವನು. ಅತ್ತಿಗೆ ಕೇಳುವರು. ನಿಜವಾಗಿಯೂ ಓಡುತ್ತಿದ್ದಳು, ಮುಂದೆ ಹೋಗಿ ಜಾಗ ಹಿಡಿಯುವುದು ಅವಳ ಹುಟ್ಟುಗುಣ. "ವಾಪಸ್ ಬರ್ತಾಳಂತೆ" ಎಂದು ಅತ್ತಿಗೆ ತಿಳಿಸುವರು. "ನೀಲಿ ಗೊಂಬೆ ಬಾಯಿ ಮುಚ್ಕೊಂಡು ದಾರಿ ಬಿಡಿಸ್ಲಿ" ಎಂದು ಅಣ್ಣ ಕಂಡಕ್ಟರಿಗೆ ಹೇಳುವನು. ಕಂಡಕ್ಟರು, "ರೈಟ್ ಸಾರಥೀ, ಹೋಗ್ಲಿ" ಎಂದು ಬಸ್ಸಿನಲ್ಲಿ ಕೂಗಿದ ಹಾಗೆಯೇ ಕೂಗುವನು. ಅತ್ತಿಗೆಯ ಕೆಂಪು ಗೊಂಬೆ ಎಲ್ಲರನ್ನೂ ಸಾಲಾಗಿ, ನೀಟಾಗಿ ನಿಲ್ಲಿಸುತ್ತ ಹಿಂದೆ ಬೀಳುವುದು. ಎಲ್ಲರನ್ನೂ ಹೊಂದಿಸಿಕೊಂಡು ಹಳದಿ ಗೊಂಬೆ ಇಳಿಯುವುದು, ಅದು ಅಣ್ಣನದು. ಅವನು ಗೋಡೆ ನೋಡುವುದನ್ನು ಬಿಟ್ಟಿದ್ದ. ಹನಿ ಹಾಕಿಕೊಳ್ಳಲು ಯಾರೂ ನೆನಪಿಸಬೇಕಾಗಿರಲಿಲ್ಲ. ಸಂಜೆಗೆ ಕಣ್ಣು ಬೇಕು ಎಂದು ತಾನೇ ಹಾಕಿಕೊಳ್ಳುತ್ತಿದ್ದ. ಅಷ್ಟು ಸಿಕ್ಕಿದ್ದೇ ದೊಡ್ಡದು, ಹಸಿರು ಗೊಂಬೆಯಾಗಿಯೇ ಇದ್ದುಬಿಡುತ್ತೇನೆ ಎಂದು ಅವಳು ಗಂಡನಿಗೆ ಹೇಳಿದಳು. ಹೇಳಿದಷ್ಟು ಸುಲಭವಿರಲಿಲ್ಲ ಅದು.

ಒಂದು ರಜೆಯ ಮಧ್ಯಾಹ್ನ ಅತ್ತಿಗೆ ಊಟಕ್ಕೆ ಕರೆದರು. ಊಟವಾದ ಮೇಲೆ ಎಲ್ಲರೂ ಹೊರಕೋಣೆಯಲ್ಲೇ ಆಟಕ್ಕೆ ಕೂತರು. ಅಣ್ಣ ಒಳಗೆ ಎದ್ದು ಹೋಗಲಿಲ್ಲ. ಅವಳು ಎದುರಿನ ಕುರ್ಚಿಯಲ್ಲಿ, ಅತ್ತಿಗೆ ನೆಲದ ಮೇಲೆ ಟ್ಯಾಬ್ಲೆಟ್ಟು ಹಿಡಿದು, ಕಂಡಕ್ಟರು ಎಂದಿನಂತೆ ಫೋನಿನಾಚೆ. ಅವತ್ತು ಆಟ ಬಿಗಿಯಾಗಿತ್ತು. ಮೂರು ದಾರಿ ಮುಚ್ಚಿಹೋಗಿದ್ದವು, ಉಳಿದದ್ದು ಒಂದೇ. ಅಣ್ಣ ರಭಸದಲ್ಲಿ ಫೋನನ್ನು ತಂತಿಯ ಕಾಲಿನಿಂದ ಕಿತ್ತು ಕೈಗೆ ತೆಗೆದುಕೊಂಡ, ಮುಖದ ಹತ್ತಿರ ತಂದುಕೊಂಡ. "ಎಲ್ಲರೂ ಬಂದ್ರಾ? ಬಂದ್ರು. ಹೊರಡೋಣ" ಎಂದು ಹಳದಿ ಗೊಂಬೆಯನ್ನು ಕೆಳಗಿಳಿಸಲು ಬೆರಳು ಎತ್ತಿದ.

ಎಲ್ಲರೂ ಬಂದಿರಲಿಲ್ಲ. ಎಡಗಡೆಯ ಮೂಲೆಯ ಮನೆಯಲ್ಲಿ ಒಬ್ಬಳು ಮುದುಕಿ ಉಳಿದಿದ್ದಳು. ಅತ್ತಿಗೆ ಸಾಲು ಸರಿಮಾಡುತ್ತಿದ್ದರು, ಕಂಡಕ್ಟರು ಮಾತಿನಲ್ಲಿದ್ದ. ತನ್ನ ಫೋನಿನಲ್ಲಿ ಅದನ್ನು ಕಂಡವಳು ಕನ್ನಡಕದಮ್ಮ ಒಬ್ಬಳೇ. ನಿನಗೆ ಕಾಣುತ್ತಿಲ್ಲ ಎಂದು ಅವನಿಗೆ ಒಂದು ಸಲ ಹೇಳಿ ಅವಳು ಅಣ್ಣನನ್ನೇ ಕಳೆದುಕೊಂಡಿದ್ದಳು. ಈಗ ಕಷ್ಟಪಟ್ಟು ಅರ್ಧ ಸಿಕ್ಕಿದ್ದಾನೆ. ಆಟ ತಾನೇ, ಸೋತರೆ ಸೋಲಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಕೆಳಗಿಳಿದ ಮೇಲೆ ಯಾರನ್ನೋ ಬಿಟ್ಟು ಬಂದೆ ಎಂದು ತಿಳಿದರೆ ಅವನು ಮತ್ತೆ ಫೋನು ಮುಟ್ಟುವುದಿಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು.

"ಅಣ್ಣಾ, ನಿಲ್ಲು" ಎಂದಳು. "ಎಡಗಡೆ ಮೂಲೇಲಿ ಒಬ್ಬಳು ಉಳಿದಿದಾಳೆ. ಫೋನು ಹತ್ತಿರ ತಂದ್ಕೊಂಡಿದೀಯ, ನಿನಗೆ ಕಾಣ್ತಿಲ್ಲ."

ಅಣ್ಣ ಫೋನನ್ನು ನಿಧಾನವಾಗಿ ದೂರ ಹಿಡಿದ, ಕತ್ತು ಎಡಕ್ಕೆ ತಿರುಗಿಸಿ ಹುಡುಕಿದ, ಮುದುಕಿಯನ್ನು ಕಂಡ. ಹಳದಿ ಗೊಂಬೆಯನ್ನು ಮತ್ತೆ ಗುಡ್ಡ ಹತ್ತಿಸಿದ. ಮುದುಕಿಯನ್ನು ಕರೆದುಕೊಂಡು ಇಳಿಯುತ್ತಿರುವಾಗ, ಕಣ್ಣು ಫೋನಿನ ಮೇಲೇ ಇಟ್ಟುಕೊಂಡು ಮಾತಾಡಿದ.

"ಅವತ್ತು ನೀನು ಬಾಯಿ ಮುಚ್ಕೊಂಡಿದ್ದಿದ್ರೆ ನಾನು ಮಾರನೇ ದಿನವೂ ಬಸ್ ತೆಗೀತಿದ್ದೆ. ಜನ ತುಂಬಿಸ್ಕೊಂಡು. ಅದು ನನಗೆ ಆ ಮೆಟ್ಟಿಲ ಮೇಲೇ ಗೊತ್ತಿತ್ತು. ಕಣ್ಣಿನ ಮೇಲೆ ಕೋಪ ಮಾಡ್ಕೊಳ್ಳೋಕಾಗಲ್ಲ, ನಿನ್ನ ಮೇಲೆ ಮಾಡ್ಕೊಂಡೆ. ನೀನಾದ್ರೆ ತಡ್ಕೋತೀಯ ಅಂತ."

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು, ಒರೆಸಿದಷ್ಟೂ ಒದ್ದೆಯಾಗುತ್ತಿತ್ತು.

"ದೊಡ್ಡ ಉಪಕಾರ ಮಾಡಿದೆ ನೀನು" ಎಂದ ಅಣ್ಣ. "ಹೇಳೋಕೆ ತಡ ಆಯ್ತು."

ಅಷ್ಟರಲ್ಲಿ ಕೊನೆಯ ದಾರಿಯ ಮೇಲೂ ಹಿಮ ಬಿತ್ತು. ಛತ್ರ ಇನ್ನು ಎರ​ಡೇ ಹೆಜ್ಜೆ ದೂರವಿತ್ತು. "ಸೋತ್ವಲ್ಲ ಸಾರಥೀ" ಎಂದು ಕಂಡಕ್ಟರು ಆಚೆಯಿಂದ ನಿಟ್ಟುಸಿರು ಬಿಟ್ಟ.

"ಸೋತ್ರೆ ಸೋತ್ವಿ. ಯಾರನ್ನೂ ಬಿಟ್ಟು ಬರಲಿಲ್ಲವಲ್ಲ. ಇನ್ನೊಂದಾಟ ಹಾಕು." ಅಣ್ಣ ಫೋನನ್ನು ತಂತಿಯ ಕಾಲಿಗೆ ಒರಗಿಸಿ, ತೋಳಳತೆಗೆ ಸರಿಸಿ ಇಟ್ಟ. ಆಮೇಲೆ ತಲೆ ಎತ್ತಿ ನೇರವಾಗಿ ತಂಗಿಯ ಮುಖ ನೋಡಿದ. "ಅಲ್ಯಾಕೆ ಕೂತಿದೀಯ? ಈ ಕಡೆ ಬಾ. ನನ್ನ ಎಡಗಡೆ ಕೂತ್ಕೋ. ಆ ಕಡೆ ನೀನು ನೋಡ್ಕೋ."

ಅವಳು ಎದ್ದು, ತನ್ನ ಕುರ್ಚಿಯನ್ನು ಎತ್ತಿಕೊಂಡು ಹೋಗಿ, ಅವನ ಎಡಕ್ಕೆ ಹಾಕಿಕೊಂಡು ಕೂತಳು.